ತೆಂಕಿಗೆ ಕೆಂಪು ದೀಪ

ಮುಂಬಯಿಯ ಹೋಟೆಲನ್ನು ತಮ್ಮನಿಗೆ ಬಿಟ್ಟು ಬಂದು ಕೋಟೇಶ್ವರದಲ್ಲಿ ರೆಸಾರ್ಟು ಕಟ್ಟಿಸಿದ ವರ್ಷ, ಶೇಖರ ಶೆಟ್ಟರು ಹಿಂದೆ ಹಂಚು ಸಾಗಿಸುತ್ತಿದ್ದ ಒಂದು ಹಾಯಿದೋಣಿಯನ್ನೂ ಕೊಂಡರು. ಅದನ್ನು ಸರಿಮಾಡಿಸಿ ಅತಿಥಿಗಳನ್ನು ಸಂಜೆ ಹೊತ್ತು ಕಡಲಿಗೆ ಕರೆದೊಯ್ಯಬೇಕೆಂದು ಅವರ ಆಸೆ. ಕೆಲಸವನ್ನು ನನ್ನ ಅಪ್ಪಯ್ಯನಿಗೆ ಒಪ್ಪಿಸಿದರು. ತಪಾಸಣೆಯ ಅಧಿಕಾರಿ ಒಪ್ಪಿದರೆ ಅಪ್ಪಯ್ಯನೇ ತಂಡೇಲ, ಚುಕ್ಕಾಣಿ ಅವನದೇ. ಇಲ್ಲದಿದ್ದರೆ ಮಲ್ಪೆಯಿಂದ ಬೇರೆಯವರನ್ನು ತರುವುದಾಗಿ ಶೆಟ್ಟರು ನಗುತ್ತಲೇ ಹೇಳಿದ್ದರು. ಮೊಣಕಾಲು ಕೆಟ್ಟ ಮೇಲೆ ಅಪ್ಪಯ್ಯ ಮರವಂತೆಯ ದಂಡೆಯಲ್ಲಿ ಬೇರೆಯವರ ಬಲೆಯ ಸಿಕ್ಕು ಬಿಡಿಸುತ್ತ ಕೂರುತ್ತಿದ್ದ. ಆ ಮಾತು ಕೇಳಿದ ದಿನ ಅವನು ಹಳೆಯ ಅಂಗಿಗೆ ಇಸ್ತ್ರಿ ಹಾಕಿಸಿದ.

ಗಂಗೊಳ್ಳಿಯ ಹೊಳೆದಂಡೆಗೆ ದೋಣಿಯನ್ನು ಎಳೆದು ಹಾಕಿದ್ದರು. ಹಲಗೆ, ಹಾಯಿ, ಹಗ್ಗ ಎಲ್ಲ ಅಪ್ಪಯ್ಯನಿಗೆ ಗೊತ್ತಿದ್ದ ಕೆಲಸ. ವಿದ್ಯುತ್ತಿನದು ಮಾತ್ರ ಗೊತ್ತಿರಲಿಲ್ಲ. ಕುಂದಾಪುರದಿಂದ ಬಂದ ಎಲೆಕ್ಟ್ರಿಶಿಯನ್ ಒಳಗೆ ಇಣುಕಿ, ಉಪ್ಪು ತಿಂದು ಹಸಿರಾಗಿದ್ದ ತಂತಿಗಳನ್ನು ನೋಡಿ ಹೋದವನು ತಿರುಗಿ ಬರಲಿಲ್ಲ.

“ನನ್ ಮಗಳ್ ಮಾಡತ್ತ್ ಶೆಟ್ರೆ. ಬಿಎಸ್ಸಿ ಮಾಡಿತ್ತ್” ಎಂದ ಅಪ್ಪಯ್ಯ.

ನಮ್ಮಲ್ಲಿ ಹೆಂಗಸರು ದೋಣಿ ಹತ್ತುವುದಿಲ್ಲ. ಹಲಗೆ ಕೂಡಿಸುತ್ತಿದ್ದ ಮುತ್ತು ಆಚಾರಿ ಅಪ್ಪಯ್ಯನನ್ನು ಕೆಣಕಿದ. “ಹ್ವಾಯ್ ಕುಷ್ಟಣ್ಣ, ಮಗಳಿಗೆ ಗಂಡ್ ಹುಡ್ಕುದ್ ಬಿಟ್ ತಂತಿ ಎಳ್ಸ್ತಿದ್ರಿಯಾ?”

“ನೀರಿಗ್ ಇಳ್ದ್ ಮೇಲೆ ಅದ್ ದೋಣಿ. ಈಗ ಬರೀ ಮರ. ನೀ ಮೊಳೆ ಹೊಡಿ” ಎಂದ ಅಪ್ಪಯ್ಯ.

ಹಾಗೆ ನಾನು ಹತ್ತಿದೆ. ತಳದಲ್ಲಿ ನಿಂತ ನೀರು ತಾಗದ ಎತ್ತರಕ್ಕೆ ಬ್ಯಾಟರಿ ಕೂರಿಸಿ, ತಂತಿಗಳನ್ನೆಲ್ಲ ಹೊಸತಾಗಿ ಪೈಪಿನೊಳಗೆ ಎಳೆದೆ. ಒಸರಿದ ನೀರು ಎತ್ತಲು ಪಂಪು, ಚುಕ್ಕಾಣಿಯ ಬಳಿ ಜಿಪಿಎಸ್, ವಯರ್‌ಲೆಸ್. ಯಾರೊಡನೆಯೂ ಮಾತಾಡಬೇಕಿಲ್ಲದ ಕೆಲಸ ಅದು. ಮರದ ಹೊಟ್ಟೆಯೊಳಗೆ ಕೂತು ನಾನು ಎಂದೂ ಇಲ್ಲದಷ್ಟು ಸುಖವಾಗಿದ್ದೆ.

ಕೊನೆಗೆ ಉಳಿದದ್ದು ಮುಂಭಾಗದ ಎರಡು ದೀಪ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಡಬ್ಬಿಯೊಳಗಿನ ಕಾಗದದಲ್ಲೂ ಅದೇ ಇತ್ತು. ಅಂದು ಶೆಟ್ಟರು ನೆಂಟರನ್ನು ಕರೆತಂದಿದ್ದರು. ಅಪ್ಪಯ್ಯ ಕೆಳಗಿನಿಂದ ಕೂಗಿದ: “ಕೆಂಪ್ ತೆಂಕಿಗೆ ಮಗಾ, ಹಸ್ರ್ ಬಡಗಿಗೆ.”

ನಮ್ಮವರು ಎಡ ಬಲ ಎನ್ನುವುದು ಕಡಿಮೆ; ದಕ್ಷಿಣಕ್ಕೆ ತೆಂಕು, ಉತ್ತರಕ್ಕೆ ಬಡಗು ಎಂದು ದಿಕ್ಕನ್ನೇ ಹೇಳುವುದು. ಚಾಪೆಯನ್ನೂ ಸ್ವಲ್ಪ ಬಡಗಿಗೆ ಎಳೆ ಎನ್ನುತ್ತೇವೆ. ಮರವಂತೆಯಲ್ಲಿ ದೋಣಿಗಳ ಮೂತಿ ಯಾವಾಗಲೂ ಪಡುವಣ ಕಡಲಿಗೇ ಇರುತ್ತದೆ. ದೋಣಿಯ ಎಡವೆಂದರೆ ತೆಂಕೇ. ಆದರೆ ಇಲ್ಲಿ ಹೊಳೆಯಿಂದ ಎಳೆದು ಹಾಕುವಾಗ ಮೂತಿ ಹಿಂದುಮುಂದಾಗಿತ್ತು. ಅದು ಮೂಡಿಗೆ ತಿರುಗಿತ್ತು. ಇಲ್ಲಿ ತೆಂಕೆಂದರೆ ದೋಣಿಯ ಬಲ; ಎಲ್ಲವೂ ತಿರುವುಮುರುವು.

ನನಗೆ ಆ ಕ್ಷಣವೇ ತಿಳಿಯಿತು. ಕೆಳಗೆ ಶೆಟ್ಟರು ನೆಂಟರಿಗೆ, “ಕಾಣಿ, ನಮ್ ತಂಡೇಲ್ರ್ ಹೇಳದ್ದ್ ದೋಣಿಯೂ ಕೇಂತ್ತ್” ಎನ್ನುತ್ತಿದ್ದರು. ಅಪ್ಪಯ್ಯನ ಮುಖ ಬೆಳಗುತ್ತಿತ್ತು. ಅಷ್ಟು ಜನರೆದುರು ಬಾಯಿ ತೆರೆಯಲು ನನಗೆ ಆಗಲಿಲ್ಲ. ಅವರು ಹೋದ ಮೇಲೆ ಬದಲಿಸಿದರಾಯಿತು ಎಂದುಕೊಂಡು, ಅವನು ಹೇಳಿದಂತೆಯೇ ತಿರುಪು ಬಿಗಿದೆ.

ಅವರು ಹೋಗಲೇ ಇಲ್ಲ. ನೆಂಟರಿಗೂ ಕಾಣಲಿ ಎಂದು ಶೆಟ್ಟರು ಅಂದೇ, ಉಬ್ಬರದ ನೀರು ಬಂದಾಗ, ತೆಂಗಿನಕಾಯಿ ಒಡೆಸಿ ದೋಣಿಯನ್ನು ಇಳಿಸಿದರು. ಮರ ಈಗ ದೋಣಿಯಾಗಿತ್ತು. ನಾನಿನ್ನು ಹತ್ತುವಂತಿರಲಿಲ್ಲ, ದಂಡೆಯಲ್ಲೇ ಉಳಿದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಹೇಳಬಹುದಿತ್ತು. ಅಪ್ಪಯ್ಯ ದಾರಿಯುದ್ದಕ್ಕೂ ಹಾಯಿಯ ಮಾತಾಡುತ್ತಿದ್ದ.

ಮರುದಿನ ಅಧಿಕಾರಿ ಬಂದರು. ಪಂಪು ಸರಿ, ವಯರ್‌ಲೆಸ್ ಸರಿ. ದೀಪ ಹಾಕಿಸಿ ನೋಡಿದವರು ಹುಬ್ಬು ಗಂಟಿಕ್ಕಿದರು.

“ಕೆಂಪು ಬಲಕ್ಕಿದೆಯಲ್ಲ. ರಾತ್ರಿ ಎದುರು ಬರುವ ಬೋಟಿನವನು ತಪ್ಪಿಸಲು ಹೋಗಿ ನಿಮ್ಮ ಮೇಲೇ ಬರುತ್ತಾನೆ. ತಂಡೇಲರಿಗೆ ಇಷ್ಟೂ ತಿಳಿಯದೇ?”

ಅಪ್ಪಯ್ಯ ದೀಪ ನೋಡಿದ, ದಂಡೆ ನೋಡಿದ. ದೋಣಿ ಹೇಗೆ ಮಲಗಿತ್ತು ಎಂದು ಅವನ ಕೈಬೆರಳು ಗಾಳಿಯಲ್ಲಿ ತಿರುಗಿ ನಿಂತಿತು. ಶೆಟ್ಟರ ನಗು ಇಲ್ಲವಾಗಿತ್ತು.

“ತಪ್ಪ್ ಹಾಕದ್ದ್ ನಾನೇ. ಅಪ್ಪಯ್ಯ ಸಮಾ ಹೇಳಿದ್ರ್” ಎಂದೆ. ನಿನ್ನೆ ಹೊರಡದಿದ್ದ ದನಿ ಇಂದು ಹೊಳೆಯಾಚೆಗೂ ಕೇಳುವಂತಿತ್ತು.

ಶೆಟ್ಟರಿಗೆ ಜೀವ ಬಂತು. “ಬಿಎಸ್ಸಿ ಕಲ್ತ್ರೂ ಎಡ ಬಲ ಗೊತ್ತಾತಿಲ್ಯಾ ಹೆಣೆ?” ಎಲ್ಲರೂ ನಕ್ಕರು. ಬದಲಿಸಿದರೆ ಸಹಿ ಹಾಕುವೆ ಎಂದರು ಅಧಿಕಾರಿ.

ಅಪ್ಪಯ್ಯ ನಗಲಿಲ್ಲ. ತಪ್ಪು ತನ್ನದೆಂದು ಅವನು ಹೇಳಲಿ ಎಂದು ನಾನು ಕಾದೆ. ಕೊಟ್ಟದ್ದನ್ನು ಕೊಟ್ಟ ಗಳಿಗೆಯಲ್ಲೇ ಹಿಂದಕ್ಕೆ ಬಯಸುತ್ತಿದ್ದೇನೆಂದು ಹೊಳೆದು ಮುಖ ಸುಟ್ಟಂತಾಯಿತು. ಅವನು ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಕಾಲೆಳೆಯುತ್ತ ದೋಣಿ ಹತ್ತಿದ.

ಸಹಿಯಾಯಿತು. ಚುಕ್ಕಾಣಿ ಅಪ್ಪಯ್ಯನದಾಯಿತು.

ಬಸ್ಸು ತ್ರಾಸಿ ದಾಟಿತು. ಅಪ್ಪಯ್ಯ ಕೇಳಿದ: “ನಿಂಗ್ ಆಗ್ಳೇ ಗೊತ್ತಿತ್ತಾ?”

ತಲೆಯಾಡಿಸಿದೆ.

“ಜನ ಇದ್ರ್ ಅಂದೇಳಿ ಸುಮ್ನಾದ್ಯಾ?”

“ಹೌದ್.”

“ಕಡಲಂಗೆ ಹಾಂಗ್ ಸುಮ್ನೆ ಕೂಕಂಬುಕಾತ್ತಾ? ಹತ್ತ್ ಜನ ಮುಳುಗ್ತ್ರ್.”

ಮರವಂತೆಯಲ್ಲಿ ಇಳಿದು ಅವನು ನನಗೆ ಕಾಯದೆ ಮುಂದೆ ನಡೆದ. ಮೀನು ಬುಟ್ಟಿ ಹೊತ್ತ ವನಜಕ್ಕ ಎದುರಾದಳು. ಅವಳ ಕಿವಿಗೆ ಬಿದ್ದದ್ದು ನಾಳೆಗೆ ಕೋಟೇಶ್ವರದ ಶೆಟ್ಟರವರೆಗೂ ಮುಟ್ಟುತ್ತದೆ.

“ತಂಡೇಲ್ರಾದ್ರಂಬ್ರ್ ಅಲ್ದಾ ಕುಷ್ಟಣ್ಣ? ಮಗಳೇ ಎಂತದೋ ಲೈಟ್ ಉಲ್ಟಾ ಹಾಕಿತ್ತಂಬ್ರ್?”

ಅಪ್ಪಯ್ಯ ನಿಂತ. “ಉಲ್ಟಾ ಹೇಳದ್ದ್ ನಾನ್ ವನಜ. ಮಗಳ್ ನಾ ಹೇಳ್ದಾಂಗೆ ಹಾಕ್ತ್. ಯಾರ್ ಕೇಂಡ್ರೂ ಹಾಂಗೇ ಹೇಳ್.”

ನಾನು ಹಿಂದೆಯೇ ಇದ್ದೆ. ಹೋಗಿ ಅವನ ಪಕ್ಕ ನಿಂತು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ನಾನೂ ಹೇಳಬೇಕಿತ್ತು. ಕಾಲು ಬರಲಿಲ್ಲ.