ಮುಚ್ಚಿದ ನಲವತ್ತೊಂದು ಶಟರ್

ಮೆಷಿನ್ ಅಕ್ಕನಿಗೆ ಸಿಟ್ಟು ಬಂದರೆ ಮೂರು ಬೀದಿಯಾಚೆ ಒಲೆಯ ಮೇಲಿದ್ದ ಹಾಲು ಒಡೆಯುತ್ತಿತ್ತು. ಇದು ಬರೀ ಬುರುಡೆ ಎನ್ನುವವರು ಆ ದಿನ ನಗರಸಭೆಯ ಸಭಾಂಗಣದಲ್ಲಿ ಇರಲಿಲ್ಲ, ಅಷ್ಟೇ.

ಇಪ್ಪತ್ತಾರು ವರ್ಷಗಳಿಂದ ಅವಳು ಹಳೇ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದಳು. ಅಂಗಡಿ ಎಷ್ಟು ಚಿಕ್ಕದೆಂದರೆ, ಅವಳು ಆಕಳಿಸಬೇಕಾದರೆ ಗಿರಾಕಿ ಹೊರಗೆ ಹೋಗಬೇಕು. ಆದರೂ ಅವಳ ಕೈಯಲ್ಲಿ ಗುಣವಾಗದ ಯಂತ್ರ ಭೂಮಿಯ ಮೇಲೆ ಇನ್ನೂ ತಯಾರಾಗಿರಲಿಲ್ಲ. ಈಗ ಆ ಅಂಗಡಿಯನ್ನೂ ಅದರ ಸಾಲಿನ ಇನ್ನು ನಲವತ್ತನ್ನೂ ಕೆಡವಿ, ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ಏಳಂತಸ್ತಿನ ಸಂಕೀರ್ಣ ಎಬ್ಬಿಸಬೇಕೆಂದು ಸಲಹಾ ಸಂಸ್ಥೆಯೊಂದು ವರದಿ ಬರೆದಿತ್ತು. ಅದಕ್ಕಿಟ್ಟ ಹೆಸರು 'ಸ್ಥಳೀಯ ಆರ್ಥಿಕ ಪುನಶ್ಚೇತನ'. ಕಮಿಷನರ್ ಸಹಿ ಹಾಕುವುದು ಮರುದಿನವೇ.

ವರದಿಯ ಪ್ರತಿಯನ್ನು ಪಕ್ಕದಂಗಡಿಯಲ್ಲಿ ಬೀಗ ರಿಪೇರಿ ಮಾಡುವ ಬೀಗದ ಭಾವ, ಅಂದರೆ ಅವಳ ಅಕ್ಕನ ಗಂಡ, ಹೊತ್ತು ತಂದ. ಆ ಭಾರಕ್ಕೆ ಅವನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು.

"ಓದಿದ್ರಾ ಭಾವ?"

"ಎರಡು ಪುಟ ಓದ್ದೆ ಕಣಮ್ಮ. ಮೊದಲನೇದ್ರಲ್ಲಿ ನಮ್ಮನ್ನ ಬಹಳ ಹೊಗಳಿದ್ದಾರೆ. ಎರಡನೇದ್ರಲ್ಲಿ ನಾವು ಸತ್ತಿದ್ದೀವಿ."

'ನಿರ್ಜೀವ ಬೀದಿ' ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಫೋಟೋ: ನಲವತ್ತೊಂದು ಶಟರ್‌ಗಳೂ ಮುಚ್ಚಿವೆ, ನಡುಬೀದಿಯಲ್ಲಿ ಒಂದು ನಾಯಿ ಮಲಗಿದೆ. ನಡೆಯುತ್ತಿರುವ ಅಂಗಡಿ ಸೊನ್ನೆ, ಗಿರಾಕಿ ಸೊನ್ನೆ.

"ಜ್ವರದಲ್ಲಿ ಮೈ ಸುಡ್ತಿದ್ದಾಗ್ಲೂ ನಾನು ಬಾಗಿಲು ಹಾಕಿಲ್ಲ! ಇದ್ಯಾವತ್ತು ಹೊಡೆದ ಫೋಟೋ?"

ಮೂಲೆಯಲ್ಲೇ ಅಚ್ಚಾಗಿತ್ತು: ಹನ್ನೆರಡನೇ ತಾರೀಕು, ಬೆಳಿಗ್ಗೆ ಹನ್ನೊಂದೂವರೆ.

ಹೊಲಿಗೆ ಯಂತ್ರದ ರೋಗ ಮೇಲಿನಿಂದ ಕಾಣುವುದಿಲ್ಲ. ಮಗುಚಿ ಹಾಕಿ ಹೊಟ್ಟೆ ನೋಡಬೇಕು. ಅಕ್ಕ ವರದಿಯನ್ನೂ ಮಗುಚಿ ಹಾಕಿ ಕೊನೆಯಿಂದ ಬಿಚ್ಚತೊಡಗಿದಳು. ಕಟ್ಟಕಡೆಯ ಅನುಬಂಧದ ಹೆಸರು 'ಸಾರ್ವಜನಿಕರ ಪಾಲ್ಗೊಳ್ಳುವಿಕೆ'. ವರ್ತಕರ ಅಭಿಪ್ರಾಯ ಕೇಳಲೆಂದು ಸಲಹೆಗಾರರೇ ಕರೆದಿದ್ದ ಸಭೆಯ ಹಾಜರಿ ಪಟ್ಟಿ ಅಲ್ಲಿತ್ತು. ನಲವತ್ತೊಂದು ಸಹಿ. ಅವಳದಂತೂ ಮೆಷಿನ್ ಎಣ್ಣೆಯ ಹೆಬ್ಬೆಟ್ಟಿನ ಕಲೆಯ ಸಮೇತ ಇತ್ತು. ಹನ್ನೆರಡನೇ ತಾರೀಕು, ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆ.

ಹಾಲು ಒಡೆದದ್ದು ಆಗಲೇ.

ಮರುದಿನ ಸಭಾಂಗಣದಲ್ಲಿ ಕಮಿಷನರ್ ಪೆನ್ನು ತೆಗೆಯುವಷ್ಟರಲ್ಲಿ ಅಕ್ಕ ಎದ್ದು ನಿಂತು ಸಲಹೆಗಾರನತ್ತ ತಿರುಗಿದಳು.

"ಸಾರ್, ಹನ್ನೆರಡನೇ ತಾರೀಕು ಹನ್ನೊಂದೂವರೆಗೆ ನಾನೆಲ್ಲಿದ್ದೆ?"

ಸಲಹೆಗಾರನ ನಗುವೂ ಅಂಗಿಯ ಜೊತೆಯಲ್ಲೇ ಇಸ್ತ್ರಿಯಾಗಿ ಬಂದಿತ್ತು. "ಅದು ನಮಗೆ ಹೇಗಮ್ಮ ಗೊತ್ತಾಗುತ್ತೆ?"

"ನಿಮ್ಮೆದುರಿಗೇ ಕೂತಿದ್ದೆ! ಒಬ್ರೂ ತಪ್ಪಿಸಬೇಡಿ ಅಂತ ಅಂಗಡಿ ಅಂಗಡಿಗೆ ಚೀಟಿ ಕಳಿಸಿದ್ದು ನೀವು. ಬಾಗಿಲು ಹಾಕಿಸಿ ಇಲ್ಲಿ ಕೂರಿಸಿದ್ದು ನೀವು. ಆಮೇಲೆ ಅಲ್ಲಿ ಹೋಗಿ ಬಾಗಿಲು ಹಾಕಿದೆ ಅಂತ ಫೋಟೋ ಹೊಡೆದಿದ್ದೂ ನೀವೇ!"

ಅವಳ ದನಿಗೆ ತಲೆಮೇಲಿನ ಫ್ಯಾನು ದಿಕ್ಕು ಬದಲಿಸಿ ತಿರುಗಿತು.

"ಸಭೆ ಒಂದು ತಂಡದ್ದು, ಸಮೀಕ್ಷೆ ಇನ್ನೊಂದು ತಂಡದ್ದು..."

"ಎರಡನ್ನೂ ಒಂದೇ ಪುಸ್ತಕಕ್ಕೆ ಹೊಲಿದ್ರಲ್ಲ, ಆಗ ಕಣ್ಣು ಎಲ್ಲಿಟ್ಟಿದ್ರಿ?"

"ನಾಯಿಯೊಂದೇ ಸಭೆಗೆ ಬಂದಿರಲಿಲ್ಲ ಮೇಡಂ," ಎಂದ ಹಿಂದಿನ ಸಾಲಿನಿಂದ ಬೀಗದ ಭಾವ. "ಪಾಪ, ಅದಕ್ಕೆ ಯಾರೂ ಚೀಟಿ ಕೊಡಲಿಲ್ಲ."

ಕಮಿಷನರ್ ನಗಲಿಲ್ಲ. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು. "ಸಮೀಕ್ಷೆ ಇನ್ನೊಂದ್ಸಲ ಮಾಡಿ. ಅಲ್ಲಿವರೆಗೆ ಸಹಿ ಇಲ್ಲ."

"ಆಗಲಿ ಮೇಡಂ," ಎಂದ ಸಲಹೆಗಾರ ಡೈರಿ ತೆರೆಯುತ್ತ. "ಸೋಮವಾರ ಹನ್ನೊಂದಕ್ಕೆ ಸಮೀಕ್ಷೆ. ಅದರ ವಿವರ ತಿಳಿಸೋಕೆ ಅದೇ ಹೊತ್ತಿಗೆ ವರ್ತಕರೆಲ್ಲ ಇಲ್ಲಿ ಬಂದ್ರೆ..."

ಆಣೆ ಮಾಡಿ ಹೇಳುತ್ತೇನೆ, ಇದೊಂದನ್ನು ನಾನು ಕಟ್ಟಿ ಹೇಳಿದ್ದಲ್ಲ.

ಅಕ್ಕ ವರದಿಯನ್ನು ಮೇಜಿನ ಮೇಲೆ ಎಸೆದ ಸದ್ದಿಗೆ ಕೆಳಗಿನ ಮಹಡಿಯವರು ಕೊಡೆ ಬಿಚ್ಚಿದರು. "ಬರಲ್ಲ! ಒಬ್ರೂ ಬರಲ್ಲ! ಬೇಕಿದ್ರೆ ನೀವೇ ಬನ್ನಿ ಅಲ್ಲಿಗೆ!"

ಸೋಮವಾರ ಅವನು ಬಂದ. ಒಳಗೆ ಗಿರಾಕಿಯೊಬ್ಬಳು ನಿಂತಿದ್ದರಿಂದ, ಹೊರಗೆ ಅವಳ ಹಿಂದೆ ಮತ್ತೆ ಮೂವರಿದ್ದುದರಿಂದ, ಬಿಸಿಲಲ್ಲೇ ಕಾದ. ಅವನ ಸರದಿ ಬಂದಾಗ ಅಕ್ಕ ಮಗುಚಿದ ಯಂತ್ರದಿಂದ ತಲೆ ಎತ್ತಲಿಲ್ಲ.

"ಬರ್ಕೊಳ್ಳಿ," ಎಂದಳು. "ತೆಗೆದಿದೆ."