ಸೈಮಿಯ ಬರಿಬೆರಳು

ಉಂಗುರ ಸೈಮಿಯ ಬೆರಳಿನ ಗೆಣ್ಣಿನ ಹತ್ತಿರ ಬಂದು ನಿಂತುಬಿಟ್ಟಿತು. ಗಂಡ ತೌನೊ ಮೆಲ್ಲಗೆ ತಿರುಗಿಸಿ ನೋಡಿದ, ಒತ್ತಿ ನೋಡಿದ. ಸೈಮಿ ಬದುಕಿದ್ದಾಗಲೂ ಅಷ್ಟೇ, ಒಮ್ಮೆ ಬೇಡ ಅಂದರೆ ಮುಗಿಯಿತು.

"ಸ್ವಲ್ಪ ಸೋಪು ಹಚ್ಚಿ ಭಾವ," ಎಂದಳು ಲೆಂಪಿ, ಸೈಮಿಯ ತಂಗಿ. "ಕೊನೇಗಾದ್ರೂ ಮದುವೆ ಆದವಳ ಥರ ಹೋಗ್ಲಿ. ಗಂಡನ ಉಂಗುರ ಹಾಕ್ಕೊಳ್ಳೋಕೂ ಇವಳಿಗೆ ಬೇಜಾರು ಅಂತಿತ್ತಲ್ಲ ಊರು!"

"ಊರಿನ ಮಾತು ಬಿಡು," ಎಂದ ತೌನೊ. ಅವನಿಗೇ ಬಿಡಲು ಆಗಿರಲಿಲ್ಲ ಎನ್ನುವುದು ಬೇರೆ ಮಾತು.

ಚರ್ಚಿನ ಹಿಂದಿನ ಸಣ್ಣ ಕೋಣೆಯಲ್ಲಿ ಶವಪೆಟ್ಟಿಗೆ ತೆರೆದೇ ಇತ್ತು. ಮುಚ್ಚಳ ಹಾಕುವವನು ಬಾಗಿಲಲ್ಲಿ ಕಾಯುತ್ತಿದ್ದ. ಉಂಗುರ ತೊಡಿಸಿ ಕಳಿಸಬೇಕೋ ಬೇಡವೋ, ಈಗಲೇ ತೀರ್ಮಾನವಾಗಬೇಕು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮನುಷ್ಯರ ಯಕೃತ್ತು, ಹಿಮಸಾರಂಗದ ಮೂತ್ರಪಿಂಡ ಹೀಗೆ ಚೂರು ಚೂರು ಮಾಂಸದಲ್ಲಿ ಎಷ್ಟು ಲೋಹವಿದೆ ಎಂದು ಅಳೆಯುವುದು ಸೈಮಿಯ ಕೆಲಸವಾಗಿತ್ತು. ಅಳತೆ ಕೆಟ್ಟೀತೆಂದು ಅಲ್ಲಿ ಉಂಗುರ ಕೂಡದು, ಮುಖಕ್ಕೆ ಪೌಡರೂ ಕೂಡದು. ಅಷ್ಟು ತೌನೊಗೂ ಗೊತ್ತು. ಆದರೆ ಭಾನುವಾರ ಏಕಿಲ್ಲ? ನಿವೃತ್ತಿಯ ಮೇಲೂ ಏಕಿಲ್ಲ? ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

*

ಮದುವೆಯ ಹೊಸತು. ಸೈಮಿ ಕೆಲಸದಿಂದ ಬಂದವಳೇ ಉಂಗುರ ಕಳಚಿ ಅವನ ಅಂಗೈಯಲ್ಲಿಟ್ಟಳು. ಕಣ್ಣು ಕೆಂಪಾಗಿದ್ದವು.

"ಏನೇ, ಇಷ್ಟು ಬೇಗ ಸಾಕಾಗಿಹೋದ್ನಾ ನಾನು?"

"ನೀನಿರು. ಇದು ಬೇಡ," ಎಂದು ನಕ್ಕಳು.

"ಯಾಕೆ ಅಂತ ಹೇಳ್ಬಾರ್ದಾ?"

"ಆಸ್ಪತ್ರೆ ವಿಷಯ ಮನೆಗೆ ತರಲ್ಲ. ಸೌನಾ ಕಾದಿದ್ಯಾ ನೋಡು ಹೋಗು."

ಸೌನಾದ ಬಿಸಿ ಹಬೆಯಲ್ಲಿ ಮಿಂದದ್ದಾಯಿತು, ಊಟವಾಯಿತು. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರೂ ನಗುನಗುತ್ತಲೇ ಮುದುಕರಾದರು. ಉತ್ತರ ಮಾತ್ರ ಬರಲಿಲ್ಲ.

*

"ಒಂದ್ಸಲ ನೋಡ್ಬಹುದಾ?"

ಕೋಣೆಯ ಬಾಗಿಲಲ್ಲಿ ಬಿಳಿ ಹೂ ಹಿಡಿದ ಹೆಂಗಸು, ಐವತ್ತು ದಾಟಿದವಳು. "ನಾನು ರೀಕ್ಕಾ. ಪೇಪರಲ್ಲಿ ಹೆಸರು ನೋಡಿ ಬಂದೆ." ಅವಳ ಕಣ್ಣು ತೌನೊನ ಕೈಯ ಮೇಲೆ ಬಿತ್ತು. "ಅದೇ ಉಂಗುರಾನಾ?"

"ನಿಮಗೆ ಹೇಗೆ ಗೊತ್ತು?"

"ಅಮ್ಮ ಹೇಳ್ತಿದ್ಲು. ನಮ್ಮಣ್ಣ ಯೊರ್ಮ ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ಟ. ಕೈ ನಡುಕ, ಮಾತು ತೊದಲು. ಕುಡೀತಾನೆ ಅಂತಿದ್ರು ಜನ. ಅವನು ಸತ್ತ ಮೇಲೆ ಲಿವರಿನ ಚೂರು ಪರೀಕ್ಷೆಗೆ ಅಂತ ಸೈಮಿಯವರ ಕೈಗೆ ಬಂತು. ಅಮ್ಮ ಹೊರಗೆ ಬೆಂಚಲ್ಲಿ ಕಾಯ್ತಿದ್ಲು. ಇವರೇ ಬಂದು, 'ತಾಮ್ರ ತುಂಬಾ ತೋರಿಸ್ತಿದೆ. ಆದ್ರೆ ನಾನು ಉಂಗುರ ತೆಗೆಯೋದು ಮರೆತಿದ್ದೆ. ಚಿನ್ನದಲ್ಲೂ ತಾಮ್ರ ಬೆರೆಸಿರ್ತಾರೆ, ನನ್ನ ಅಳತೆ ಮೇಲೆ ನನಗೇ ನಂಬಿಕೆ ಇಲ್ಲ. ನಾಳೆ ಮತ್ತೆ ಅಳೀತೀನಿ' ಅಂದ್ರಂತೆ. ಉಳಿದಿದ್ದೇ ಉಗುರಷ್ಟು ಚೂರು. ಮಾರನೇ ದಿನ ಉಂಗುರ ಇಲ್ದೆ ಅಳೆದ್ರೂ ಅಷ್ಟೇ ತಾಮ್ರ."

"ಆಮೇಲೆ?" ಎಂದಳು ಲೆಂಪಿ.

"ಆಮೇಲೆ ನನ್ನನ್ನ ಪರೀಕ್ಷೆ ಮಾಡಿದ್ರು. ಮೈಯಲ್ಲಿ ತಾಮ್ರ ತುಂಬ್ಕೊಳ್ಳೋ ಕಾಯಿಲೆ, ಒಡಹುಟ್ಟಿದವರಿಗೂ ಬರುತ್ತೆ. ನನಗೂ ಇತ್ತು. ಆಗ ಶುರುವಾದ ಮಾತ್ರೆ, ಇವತ್ತಿಗೂ ನುಂಗ್ತಿದೀನಿ. 'ಉಂಗುರ ಹಾಕ್ಕೊಂಡ್ರೆ ತಾನೇ ತೆಗೆಯೋದು ಮರೆಯೋದು, ಇನ್ನು ಹಾಕ್ಕೊಳ್ಳೋದೇ ಇಲ್ಲ' ಅಂದಿದ್ರಂತೆ ಅಮ್ಮನ ಹತ್ರ."

ಲೆಂಪಿ ಅಕ್ಕನ ಕಡೆ ತಿರುಗಿ ಅತ್ತಳು. "ಮೊಂಡಿ! ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ತೌನೊಗೆ ಅಳುವಿನ ಜೊತೆ ಹೆಮ್ಮೆಯೂ ಒತ್ತಿಕೊಂಡು ಬಂತು. ಎಂಥವಳ ಜೊತೆ ಬದುಕಿದೆ ನಾನು ಎನಿಸಿತು. ಉಂಗುರವನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಬರಿಬೆರಳಿಗೆ ಮುತ್ತಿಟ್ಟ.

"ಮುಚ್ಚಿಬಿಡಪ್ಪ," ಎಂದ.

*

ಚರ್ಚಿನ ಗಂಟೆಯ ಸದ್ದು ನಿಂತಿತು. ಮನೆಯವರ ಮೊದಲ ಸಾಲಿನಲ್ಲಿ ತೌನೊ, ಲೆಂಪಿ ಇಬ್ಬರೇ. ಪಾದ್ರಿ ಪುಸ್ತಕ ತೆರೆಯುವಷ್ಟರಲ್ಲಿ ತೌನೊ ಎದ್ದು ಹಿಂದಕ್ಕೆ ನಡೆದ. ಕೊನೆಯ ಸಾಲಿನಲ್ಲಿ ರೀಕ್ಕಾ ಕುಳಿತಿದ್ದಳು. ಪಕ್ಕದಲ್ಲಿ ಗಂಡ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ, ಮಡಿಲಲ್ಲಿ ಮೊಮ್ಮಗಳು.

"ಇಲ್ಯಾಕೆ ಕೂತ್ರಿ? ಮುಂದೆ ಬನ್ನಿ."

"ಅಯ್ಯೋ, ಅದು ಮನೆಯವರ ಜಾಗ."

"ಅದಕ್ಕೇ ಕರೀತಿರೋದು."

ಅವರು ಒಬ್ಬರ ಹಿಂದೊಬ್ಬರು ಬಂದು ಕುಳಿತರು. ಲೆಂಪಿ ಕೈಚೀಲವನ್ನು ತೊಡೆಯ ಮೇಲೆತ್ತಿಕೊಂಡು ಗೋಡೆಯವರೆಗೂ ಸರಿಯಬೇಕಾಯಿತು. ಕೊನೆಗೆ ತೌನೊಗೇ ಜಾಗವಿರಲಿಲ್ಲ. ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು, ಹೇಗೋ ತುದಿಯಲ್ಲಿ ಕುಳಿತ.