ಚಿಟ್ಟೆಯ ಕೆಳಗಿನ ಕಂದು ಪುಡಿ

ನಾನು ಒಂದು ಚಿಟ್ಟೆ. ಧಾರವಾಡದ ಒಂದು ಹಿತ್ತಲಿನಲ್ಲಿ ಲಿಂಬೆ ಎಲೆ ತಿಂದು ಬೆಳೆದೆ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ. ಹಾರಿದ್ದು ಮೂರೇ ವಾರ. ಪಡಸಾಲೆಯಲ್ಲಿ ಸತ್ತು ಬಿದ್ದಿದ್ದ ನನ್ನನ್ನು ಆ ಮನೆಯ ಗೋಪಾಳರಾವ ಮಾಸ್ತರರು ಎತ್ತಿಕೊಂಡು, ರೆಕ್ಕೆ ಹರಡಿ, ಸೂಜಿ ಚುಚ್ಚಿ, ಗಾಜಿನ ಚೌಕಟ್ಟಿನಲ್ಲಿ ಕೂರಿಸಿದರು.

ಮಾಸ್ತರರು ಇರುವವರೆಗೆ ನನಗೆ ಕೊರತೆಯಿರಲಿಲ್ಲ. ಬಿಸಿಲು ತಾಗದ ಗೋಡೆ, ಹುಳು ಹತ್ತದಂತೆ ವರ್ಷಕ್ಕೆರಡು ಬಾರಿ ಹೊಸ ನುಸಿಗುಳಿಗೆ. ಅವರು ತೀರಿಕೊಂಡ ಮೇಲೆ ಅವರ ತಂಗಿ ಮಂದಾಕಿನಿಯ ಕೈಗೆ ಬಂದೆ. ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಗಾಜನ್ನು ದಿನಾ ಒರೆಸುತ್ತಿದ್ದಳು; ಗುಳಿಗೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳ ಜೊತೆ ಇದ್ದವರು ಮಾಸ್ತರರ ಹೆಂಡತಿ ಕುಸುಮಾಬಾಯಿ ಒಬ್ಬರೇ.

ಒಂದು ಬೆಳಿಗ್ಗೆ ಗಾಜಿನೊಳಗೆ, ನನ್ನ ಕೆಳಗೆ, ಚಿಟಿಕೆಯಷ್ಟು ಕಂದು ಪುಡಿ ಕಂಡಿತು. ಮರುವಾರ ನನ್ನ ಒಂದು ಮೀಸೆ ಉದುರಿತು. ಯಾರೋ ಇಳಿಸಿ ಝಾಡಿಸಿದ್ದಾರೆ ಎಂದು ಮಂದಾಕಿನಿಗೆ ಅನಿಸಿತು. 'ಸತ್ತ ಹುಳಾನ ಗ್ವಾಡಿಗೆ ಯಾಕ ಹಾಕಬೇಕು' ಎಂದು ಕುಸುಮಾಬಾಯಿ ಹಿಂದೊಮ್ಮೆ ಅಂದದ್ದು ಅವಳಿಗೆ ಮರೆತಿರಲಿಲ್ಲ.

"ವೈನಿ, ಇದನ್ನ ಇಳಿಸಿದ್ರೇನು?" ಎಂದು ಅತ್ತಿಗೆಯನ್ನು ಕೇಳಿದಳು.

"ನಾ ಯಾಕ ಇಳಿಸಲಿ? ಅದರ ಕಡೆ ನೋಡೂದೂ ಇಲ್ಲ ನಾ."

ಆ ಉತ್ತರದಿಂದ ಮಂದಾಕಿನಿಯ ಸಂಶಯ ಇನ್ನೂ ಬಲಿಯಿತು. ಕಸಬರಿಗೆಯ ಸದ್ದಾದರೆ ಸಾಕು, ಬಂದು ಇಣುಕುತ್ತಿದ್ದಳು. ಛತ್ರಿ ಮರೆತವಳಂತೆ ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದಳು. ಕೊನೆಗೆ ಚೌಕಟ್ಟಿಗೂ ಗೋಡೆಗೂ ಒಂದು ಕಪ್ಪು ದಾರವನ್ನು ಗೋಂದಿನಿಂದ ಅಂಟಿಸಿದಳು. ಸಂಜೆ ದಾರ ಇದ್ದಂತೆಯೇ ಇತ್ತು, ನನ್ನ ಎಡರೆಕ್ಕೆಯಲ್ಲಿ ಮಾತ್ರ ತೂತು. ಕಿತ್ತು ಮತ್ತೆ ಅಂಟಿಸಿರಬೇಕು ಎಂದುಕೊಂಡಳು.

ತಿನ್ನುತ್ತಿದ್ದದ್ದು ನನ್ನ ಹೊಟ್ಟೆಯೊಳಗೇ ಇತ್ತು: ಅಕ್ಕಿಕಾಳಿಗಿಂತ ಚಿಕ್ಕದು, ಮೈತುಂಬ ಕೂದಲು. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಜೇಡರ ಬಲೆ ತೆಗೆಯುವಾಗ ಕುಸುಮಾಬಾಯಿಯ ಬೆರಳಿಗೆ ಆ ದಾರ ತಾಗಿತು. ಅದು ಏಕೆಂದು ಅವರಿಗೆ ಕೂಡಲೇ ತಿಳಿಯಿತು. ನನ್ನನ್ನು ಮೊದಲ ಸಲ ಇಳಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ಚಾಳೀಸು ಹಾಕಿಕೊಂಡು ನೋಡಿದರು. ಅಷ್ಟರಲ್ಲಿ ಮಂದಾಕಿನಿ ಬಂದಳು.

"ಕಡೀಕ ನೀವ ಇಳಿಸಿದ್ರಲ್ಲಾ!"

"ಹೂಂ, ಇಳಿಸೀನಿ. ಬಂದು ನೋಡು. ಹುಳಾ ಹತ್ಯಾವ."

ಬಗ್ಗಿ ನೋಡಿದವಳ ಮುಖ ಬಾಡಿತು.

"ದಾರಾ ಹರಿದಿರಲಿಲ್ಲಲ್ಲ ಮಂದಾ. ಅದನ್ನ ನೋಡಿದ ಮ್ಯಾಲೂ ನಾನ ಅಂತ ಅನ್ಕೊಂಡ್ಯಾ?"

ಮಂದಾಕಿನಿ ಹುಳುಗಳ ವಿಷಯ ಬಲ್ಲ ಅಣ್ಣನ ಗೆಳೆಯರೊಬ್ಬರಿಗೆ ಫೋನು ಮಾಡಿದಳು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಎರಡು ವಾರ ಫ್ರೀಜರಿನಲ್ಲಿಡಿ ಎಂದರು ಅವರು. ಮಡಿಯೆಂದು ಉಳ್ಳಾಗಡ್ಡಿಯೂ ಸೇರದ ಅಡುಗೆಮನೆ ಅದು. ಕೇಳುವ ಧೈರ್ಯವಾಗದೆ ಅವಳು ನಿಂತಿದ್ದಾಗ ಕುಸುಮಾಬಾಯಿಯೇ ಫ್ರೀಜರಿನಲ್ಲಿ ಜಾಗ ಮಾಡಲು ಬರ್ಫದ ತಟ್ಟೆ ಹೊರಗೆ ತೆಗೆದರು.

"ಇಡು. ನಿಮ್ಮಣ್ಣಾರು ಕೈಯಾರೆ ಮಾಡಿದ್ದದು."

ಈಗ ನಾನು ಮುದಿಯಾಗಿದ್ದೇನೆ. ನೀಲಿ ಮಾಸಿದೆ, ಮೀಸೆ ಒಂದೇ. ಹುಳು ಆ ಚಳಿಗೇ ಸತ್ತಿತು. ಗುಳಿಗೆಯೂ ತಪ್ಪದೆ ಬರುತ್ತಿದೆ. ಆದರೆ ಕುಸುಮಾಬಾಯಿ ನನ್ನ ಧೂಳು ಒರೆಸುವ ಮೊದಲು ಇವತ್ತಿಗೂ ಒಳಗೆ ಕೂಗಿ ಕೇಳುತ್ತಾರೆ: "ಮಂದಾ, ಮುಟ್ಟಲೇನ?"

ಮಂದಾಕಿನಿ ಪ್ರತಿ ಸಲವೂ ಕೈಯಲ್ಲಿನ ಕೆಲಸ ಬಿಟ್ಟು ಎದ್ದು ಬರುತ್ತಾಳೆ. "ಹಂಗ ಕೇಳಬ್ಯಾಡ್ರಿ ವೈನಿ" ಎನ್ನುತ್ತಾಳೆ.